ಸೇನಾಧಿಕಾರಿಯೊಬ್ಬ ಸ್ಟಾಕ್‌ಹೋಮ್‌ನಲ್ಲಿ ಕುಳಿತು ನಾರ್ವೆಯ ಪ್ರಧಾನಮಂತ್ರಿಯಾದದ್ದು ಹೇಗೆ? – ಫ್ರೆಡ್ರಿಕ್ ಡೂಯೆ ಕುರಿತು

ಪ್ರಶ್ನೆ – ಗ್ರಂಥಪಾಲ

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ನಾರ್ವೆಯ ರಾಜಕೀಯ ಇತಿಹಾಸವನ್ನು ಓದುವಾಗ ಫ್ರೆಡ್ರಿಕ್ ಡೂಯೆ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ, ಆದರೆ ಒಂದೆರಡು ಸಾಲುಗಳ ಆಚೆಗೆ ಅವನ ಬಗ್ಗೆ ಯಾರೂ ಬರೆದಂತೆ ಕಾಣುವುದಿಲ್ಲ. 1796ರಲ್ಲಿ ಟ್ರಾಂಡ್‌ಹೈಮ್‌ನಲ್ಲಿ ಹುಟ್ಟಿದವನು, ಸೇನಾಧಿಕಾರಿಯಾಗಿ ವೃತ್ತಿ ಆರಂಭಿಸಿದವನು, ಆಮೇಲೆ ಸ್ಟಾಕ್‌ಹೋಮ್‌ನಲ್ಲಿದ್ದ ನಾರ್ವೇಜಿಯನ್ ಕಚೇರಿಯಲ್ಲಿ ರಾಜ್ಯ ಕಾರ್ಯದರ್ಶಿಯಾದವನು, 1841ರಿಂದ 1858ರವರೆಗೆ ಅದೇ ನಗರದಲ್ಲಿ ನಾರ್ವೆಯ ಪ್ರಧಾನಮಂತ್ರಿಯಾಗಿದ್ದವನು, ಕೊನೆಗೆ ವಿಯೆನ್ನಾದಲ್ಲಿ ರಾಯಭಾರಿಯಾದವನು. 1873ರಲ್ಲಿ ತೀರಿಕೊಂಡ. ನನಗೆ ಸಿಕ್ಕಿರುವುದು ಇಷ್ಟು.

ಹದಿನೇಳು ವರ್ಷ ಪ್ರಧಾನಮಂತ್ರಿಯಾಗಿರುವುದು ಸಣ್ಣ ಮಾತಲ್ಲ. ಹಾಗಿದ್ದರೂ ಆ ಕಾಲವನ್ನು ವಿವರಿಸುವವರು ದೊರೆಗಳ ಬಗ್ಗೆ ಬರೆಯುತ್ತಾರೆ, ಫ್ರೆಡ್ರಿಕ್ ಸ್ಟಾಂಗ್ ಬಗ್ಗೆ ಬರೆಯುತ್ತಾರೆ, ಮುಂದೆ ಯೋಹಾನ್ ಸ್ವೆರ್‌ಡ್ರುಪ್ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಡೂಯೆಯನ್ನು ಮಾತ್ರ ದಾಟಿಕೊಂಡು ಹೋಗುತ್ತಾರೆ. ಆದ್ದರಿಂದ ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಹೀಗಿವೆ. ಜನರಿಂದ ಚುನಾಯಿತನಾಗದ ಒಬ್ಬ ಸೈನಿಕ ಆ ಸ್ಥಾನಕ್ಕೆ ಏರಲು ಯಾವ ದಾರಿ ಇತ್ತು? ತನ್ನ ದೇಶದ ಹೊರಗೆ, ಇನ್ನೊಂದು ದೇಶದ ರಾಜಧಾನಿಯಲ್ಲಿ ಕುಳಿತ ಪ್ರಧಾನಮಂತ್ರಿ ನಿಜವಾಗಿ ಮಾಡುತ್ತಿದ್ದ ಕೆಲಸವೇನು? ಅಷ್ಟು ದೀರ್ಘಕಾಲ ಅವನನ್ನು ಅಲ್ಲಿ ಉಳಿಸಿದ್ದು ಅವನ ಸಾಮರ್ಥ್ಯವೋ, ಕಾಲದ ಅನುಕೂಲವೋ?

ಉತ್ತರ – ಹಳೆಯ ದಫ್ತರ

ಮೊದಲ ಪ್ರಶ್ನೆಯನ್ನು ಮಾತ್ರ ಕೈಗೆತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಡೂಯೆಯ ವ್ಯಕ್ತಿಚರಿತ್ರೆಯಲ್ಲಿಲ್ಲ, 1814ರ ಘಟನೆಗಳಲ್ಲಿದೆ.

ಆ ವರ್ಷದ ಜನವರಿ 14ರಂದು ಆದ ಕೀಲ್ ಒಪ್ಪಂದದ ಪ್ರಕಾರ, ನೆಪೋಲಿಯನ್ನನ ಪಕ್ಷದಲ್ಲಿದ್ದು ಸೋತ ಡೆನ್ಮಾರ್ಕಿನ ದೊರೆ ನಾರ್ವೆಯನ್ನು ಸ್ವೀಡನ್ನಿನ ದೊರೆಗೆ ಬಿಟ್ಟುಕೊಟ್ಟ. ನಾರ್ವೆಯವರು ಇದನ್ನು ಒಪ್ಪಲಿಲ್ಲ. ಐಡ್ಸ್‌ವೋಲ್ ಎಂಬ ಊರಿನಲ್ಲಿ ಸಭೆ ಸೇರಿ ಮೇ 17ರಂದು ತಮ್ಮದೇ ಸಂವಿಧಾನವನ್ನು ಅಂಗೀಕರಿಸಿದರು. ಆ ಸಭೆಯಲ್ಲಿದ್ದ 112 ಪ್ರತಿನಿಧಿಗಳ ಪೈಕಿ 54 ಮಂದಿ ಗ್ರಾಮೀಣ ಪ್ರದೇಶಗಳಿಂದ, 25 ಮಂದಿ ಪಟ್ಟಣಗಳಿಂದ ಬಂದವರು. ಉಳಿದ 33 ಮಂದಿಯನ್ನು ಭೂಸೇನೆ ಮತ್ತು ನೌಕಾದಳದ ಘಟಕಗಳು ಆರಿಸಿ ಕಳುಹಿಸಿದ್ದವು. ರಾಷ್ಟ್ರದ ಮೂಲ ಕಾನೂನನ್ನು ಬರೆಯುವ ಸಭೆಯಲ್ಲಿ ಸೇನೆಗೆ ಪ್ರತ್ಯೇಕ ಸ್ಥಾನಗಳಿದ್ದುದು ನಮಗೆ ವಿಚಿತ್ರವೆನಿಸಬಹುದು. ಅಲ್ಲಿದ್ದವರಿಗೆ ಅದರಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ.

ಕಾರಣ ಸರಳವಾಗಿದೆ. ನಾರ್ವೆಯಲ್ಲಿ ಅಲ್ಲಿಯವರೆಗೆ ವಿಶ್ವವಿದ್ಯಾಲಯವೇ ಇರಲಿಲ್ಲ ಎನ್ನಬಹುದು. ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ, ವಿಶ್ವವಿದ್ಯಾಲಯ ಸ್ಥಾಪನೆಗೆ ಅನುಮತಿ ದೊರೆತದ್ದು 1811ರಲ್ಲಿ, ಪಾಠಗಳು ಆರಂಭವಾದದ್ದು 1813ರಲ್ಲಿ. ಕಾನೂನು ಅಥವಾ ದೇವತಾಶಾಸ್ತ್ರ ಓದಬೇಕಾದವರು ಕೋಪನ್‌ಹೇಗನ್ನಿಗೆ ಹಡಗು ಹತ್ತಬೇಕಿತ್ತು. ಆದರೆ ಸೇನಾಧಿಕಾರಿಗಳನ್ನು ತರಬೇತುಗೊಳಿಸುವ ಶಾಲೆಯೊಂದು 1750ರಿಂದಲೇ ಕ್ರಿಸ್ಟಿಯಾನಿಯಾದಲ್ಲಿತ್ತು, ಅದರ ಪಾಠಕ್ರಮಕ್ಕೆ ಗಣಿತವೇ ತಳಹದಿ. ಹೀಗಾಗಿ ಸ್ವದೇಶದಲ್ಲೇ ವಿದ್ಯೆ ಪಡೆದ, ಕಾಗದಪತ್ರ, ನಕ್ಷೆ, ಲೆಕ್ಕಗಳಲ್ಲಿ ಪಳಗಿದ ಒಂದು ವರ್ಗ ಯಾವುದು ಎಂದು ಹುಡುಕಿದರೆ ಸಿಗುತ್ತಿದ್ದವರು ಸೇನಾಧಿಕಾರಿಗಳು. ಹೊಸ ರಾಜ್ಯಕ್ಕೆ ಏಕಾಏಕಿ ಮಂತ್ರಿಗಳು, ಕಾರ್ಯದರ್ಶಿಗಳು, ಇಲಾಖೆಗಳು ಬೇಕಾದಾಗ ಅವರೇ ಮುಂದೆ ಬಂದರು. ಆ ಸೇನಾ ಶಾಲೆಯ ಮುಖ್ಯಸ್ಥನಾಗಿದ್ದ, 1808ರ ಟೋವೆರುಡ್ ಕಾಳಗದಲ್ಲಿ ಹೆಸರು ಮಾಡಿದ ಡಿಡೆರಿಕ್ ಹೇಗರ್‌ಮನ್ ಐಡ್ಸ್‌ವೋಲ್‌ನಲ್ಲಿ ಸಾರ್ವತ್ರಿಕ ಸೇನಾಸೇವೆಯ ವಿಧಿಗಾಗಿ ವಾದಿಸಿದ, ನಂತರ ಮಂತ್ರಿಯೂ ಆದ. ಪೀಟರ್ ಮೋಟ್ಸ್‌ಫೆಲ್ಟ್ ಕೂಡ ಸೈನಿಕನೇ, ಅವನೂ ಮಂತ್ರಿಯಾಗಿ ಬಹುಕಾಲ ಇದ್ದ. ಅಶ್ವದಳದ ಅಧಿಕಾರಿ ವ್ಯಾಲೆಂಟಿನ್ ಸಿಬ್ಬರ್ನ್ ಕೂಡ ಐಡ್ಸ್‌ವೋಲ್‌ನಿಂದ ಮಂತ್ರಿಪರಿಷತ್ತಿಗೆ ನಡೆದವನು. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಡೂಯೆಯ ಕಥೆಯಲ್ಲಿ ಅದು ಮತ್ತೆ ಬರಬೇಕಾಗುತ್ತದೆ.

1814ರಲ್ಲಿ ಡೂಯೆಗೆ ಹದಿನೆಂಟು ವರ್ಷ. ಐಡ್ಸ್‌ವೋಲ್ ತಲೆಮಾರು ತುಳಿದು ಹದ ಮಾಡಿದ ದಾರಿಯಲ್ಲಿ ಅವನು ಎರಡನೆಯ ಸಾಲಿನವನಾಗಿ ನಡೆದ. ಸೇನೆಯಿಂದ ಆಡಳಿತಕ್ಕೆ ಬರುವುದು ಅವನ ಕಾಲದಲ್ಲಿ ವೃತ್ತಿಯನ್ನು ಬಿಟ್ಟುಹೋಗುವುದಾಗಿರಲಿಲ್ಲ, ಅದೇ ರಾಜಸೇವೆಯ ಮುಂದಿನ ಮೆಟ್ಟಿಲಾಗಿತ್ತು.

ಉತ್ತರ – ಕಡತಪ್ರಿಯ

ಮೇಲಿನವರು ಹೇಳಿದ ಹಿನ್ನೆಲೆಯನ್ನು ಒಪ್ಪುತ್ತೇನೆ. ಎರಡನೆಯ ಪ್ರಶ್ನೆಗೆ, ಅಂದರೆ ಹುದ್ದೆಯ ಸ್ವರೂಪಕ್ಕೆ, ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕಾಗಿದೆ. ಅದು ಸ್ಪಷ್ಟವಾಗದೆ ಡೂಯೆಯ ವೃತ್ತಿಜೀವನದ ತೂಕ ತಿಳಿಯುವುದಿಲ್ಲ.

1814ರ ಬೇಸಿಗೆಯಲ್ಲಿ ನಡೆದ ಚಿಕ್ಕ ಯುದ್ಧ ಆಗಸ್ಟ್ 14ರ ಮಾಸ್ ಒಡಂಬಡಿಕೆಯೊಂದಿಗೆ ಮುಗಿಯಿತು, ನವೆಂಬರ್ 4ರಂದು ನಾರ್ವೆ ತನ್ನ ಸಂವಿಧಾನವನ್ನು ತಿದ್ದುಪಡಿಗಳೊಂದಿಗೆ ಉಳಿಸಿಕೊಂಡು ಸ್ವೀಡನ್ನಿನೊಂದಿಗೆ ಒಂದೇ ದೊರೆಯ ಕೆಳಗೆ ಬಂತು. ಎರಡು ರಾಜ್ಯಗಳು, ಎರಡು ಸಂವಿಧಾನಗಳು, ಎರಡು ಸಂಸತ್ತುಗಳು, ಒಬ್ಬ ದೊರೆ. ಆ ದೊರೆ ವರ್ಷದ ಬಹುಪಾಲು ಸ್ಟಾಕ್‌ಹೋಮ್‌ನಲ್ಲಿರುತ್ತಿದ್ದ. ಹಾಗಾದರೆ ನಾರ್ವೆಯ ವಿಷಯಗಳನ್ನು ಅವನ ಮುಂದಿಡುವವರು ಯಾರು? ಸಂವಿಧಾನದ 15ನೆಯ ವಿಧಿ ಇದಕ್ಕೆ ಮಾಡಿದ ಏರ್ಪಾಡು ಹೀಗಿತ್ತು: ದೊರೆ ಸ್ವೀಡನ್ನಿನಲ್ಲಿರುವಾಗ ನಾರ್ವೆಯ ಪ್ರಧಾನಮಂತ್ರಿಯೂ ಇಬ್ಬರು ಮಂತ್ರಿಗಳೂ ಅವನ ಬಳಿ ಇರಬೇಕು. ಆ ಇಬ್ಬರು ಮಂತ್ರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಪ್ರಧಾನಮಂತ್ರಿ ಬದಲಾಗುತ್ತಿರಲಿಲ್ಲ. ಉಳಿದ ಮಂತ್ರಿಗಳು ಕ್ರಿಸ್ಟಿಯಾನಿಯಾದಲ್ಲಿ, ರಾಜಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಇಲಾಖೆಗಳನ್ನು ನಡೆಸುತ್ತಿದ್ದರು.

ಈ ಏರ್ಪಾಡಿನಲ್ಲಿ ಇನ್ನೆರಡು ವಿಧಿಗಳು ಸೇರಿಕೊಂಡಾಗ ಹುದ್ದೆಯ ನಿಜವಾದ ಬಲವೂ ಅಪಾಯವೂ ಕಾಣುತ್ತದೆ. 30ನೆಯ ವಿಧಿಯಂತೆ ಮಂತ್ರಿಪರಿಷತ್ತಿನ ಪ್ರತಿಯೊಂದು ವಿಷಯವೂ ನಡಾವಳಿಯಲ್ಲಿ ದಾಖಲಾಗಬೇಕು. ದೊರೆಯ ತೀರ್ಮಾನ ಸಂವಿಧಾನಕ್ಕೆ ವಿರುದ್ಧ ಎಂದು ಮಂತ್ರಿಗೆ ಅನಿಸಿದರೆ ಅವನು ತನ್ನ ಆಕ್ಷೇಪವನ್ನು ಅಲ್ಲಿಯೇ ಬರೆಸಬೇಕು, ಬರೆಸದಿದ್ದರೆ ಒಪ್ಪಿದಂತೆ, ಒಪ್ಪಿದರೆ ಹೊಣೆಗಾರ. 31ನೆಯ ವಿಧಿಯಂತೆ ದೊರೆಯ ಆಜ್ಞೆಗಳಿಗೆ ಪ್ರಧಾನಮಂತ್ರಿಯ ಮೇಲುರುಜು, ಅಂದರೆ ದೊರೆಯ ಸಹಿಯ ಜೊತೆಗೆ ಅವನ ಸಹಿಯೂ, ಬೇಕು. ಸೇನಾ ನಾಯಕತ್ವದ ಆಜ್ಞೆಗಳಿಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಅಂದರೆ ಸ್ಟಾಕ್‌ಹೋಮ್‌ನ ಪ್ರಧಾನಮಂತ್ರಿ ಸರ್ಕಾರದ ಮುಖ್ಯಸ್ಥನಾಗಿರಲಿಲ್ಲ, ನೀತಿಗಳನ್ನು ರೂಪಿಸುವ ಇಲಾಖೆಯೂ ಅವನ ಕೈಯಲ್ಲಿರಲಿಲ್ಲ. ಆದರೆ ನಾರ್ವೆಯ ಪ್ರತಿಯೊಂದು ಮುಖ್ಯ ಕಾಗದವೂ ಅವನ ಮೇಜಿನ ಮೂಲಕವೇ ದೊರೆಯ ಕೈಗೆ ಹೋಗಿ ಹಿಂತಿರುಗಬೇಕಿತ್ತು.

ಅಪಾಯ ಬರಿಯ ಕಾಗದದ ಮೇಲಿನದಲ್ಲ. ಡೂಯೆಗಿಂತ ಮುಂಚೆ 1828ರಿಂದ ಆ ಹುದ್ದೆಯಲ್ಲಿದ್ದ ಸೆವೆರಿನ್ ಲೋವೆನ್‌ಶೋಲ್ಡ್‌ನಿಗೆ ಅದರ ರುಚಿ ತಗುಲಿತ್ತು. 1836ರಲ್ಲಿ ದೊರೆ ಕಾರ್ಲ್ ಯೋಹಾನ್ ಸ್ಟೋರ್ಟಿಂಗ್ ಸಂಸತ್ತನ್ನು ಹಠಾತ್ತನೆ ವಿಸರ್ಜಿಸಿದಾಗ ಲೋವೆನ್‌ಶೋಲ್ಡ್ ಆಕ್ಷೇಪವನ್ನು ಬರೆಸಲಿಲ್ಲ. ಸಂಸತ್ತು ದೊರೆಯನ್ನು ಮುಟ್ಟುವಂತಿರಲಿಲ್ಲ. ಮಂತ್ರಿಯ ಮೇಲೆ ಮಹಾಭಿಯೋಗ ಹೂಡಿತು, ಅವನಿಗೆ ದಂಡ ಬಿತ್ತು. ದೊರೆಯ ವಿಶ್ವಾಸ ಮಾತ್ರ ಕುಗ್ಗಲಿಲ್ಲ. 1841ರಲ್ಲಿ ಅವನೇ ನಾರ್ವೆಯ ರಾಜಪ್ರತಿನಿಧಿಯಾದ, ತೆರವಾದ ಸ್ಥಾನಕ್ಕೆ ಡೂಯೆ ಬಂದ.

ಆ ಆಯ್ಕೆಯಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ಫ್ರೆಂಚ್ ಮಾರ್ಷಲ್ ಆಗಿದ್ದು 1810ರಲ್ಲಿ ಸ್ವೀಡನ್ನಿನ ಯುವರಾಜನಾಗಿ ಆಯ್ಕೆಯಾದ ಕಾರ್ಲ್ ಯೋಹಾನ್ ತನ್ನ ಪ್ರಜೆಗಳ ಎರಡು ಭಾಷೆಗಳಲ್ಲಿ ಒಂದನ್ನೂ ಕಲಿಯಲಿಲ್ಲ. ಅವನೊಂದಿಗೆ ಮಾತುಕತೆ ಫ್ರೆಂಚಿನಲ್ಲಿ, ಮುಖ್ಯ ಕಾಗದಗಳೂ ಫ್ರೆಂಚಿಗೆ ಅನುವಾದವಾಗಿ ಬರಬೇಕು. ಇಳಿವಯಸ್ಸಿನಲ್ಲಂತೂ ಮಲಗುವ ಕೋಣೆಯಿಂದಲೇ ಆಡಳಿತ ನಡೆಸುತ್ತಿದ್ದ. ಇಂಥ ದೊರೆಗೆ ಸಂಸತ್ತಿನ ವಾಗ್ಮಿ ಬೇಕಿರಲಿಲ್ಲ. ಕಡತ ಬಲ್ಲ, ಆಸ್ಥಾನದ ನಡವಳಿಕೆ ಬಲ್ಲ, ಗುಟ್ಟು ಕಾಯುವ ವ್ಯಕ್ತಿ ಬೇಕಿತ್ತು. ರಾಜ್ಯ ಕಾರ್ಯದರ್ಶಿಯಾಗಿ ಆ ಕಚೇರಿಯ ಒಳಹೊರಗನ್ನು ಅರಿತಿದ್ದ ಮಾಜಿ ಸೈನಿಕನಿಗಿಂತ ಹೆಚ್ಚು ಹೊಂದುವವರು ಯಾರಿದ್ದರು?

ಚುನಾವಣೆಯ ಬಗ್ಗೆಯೂ ಒಂದು ಮಾತು. ಆಗಿನ ಸಂವಿಧಾನದ ಪ್ರಕಾರ ಮಂತ್ರಿಗಳು ಸ್ಟೋರ್ಟಿಂಗ್‌ಗೆ ಆಯ್ಕೆಯಾಗುವಂತೆಯೇ ಇರಲಿಲ್ಲ, ಅಲ್ಲಿನ ಚರ್ಚೆಗಳಲ್ಲಿ ಭಾಗವಹಿಸುವಂತೆಯೂ ಇರಲಿಲ್ಲ. ಸ್ಟೋರ್ಟಿಂಗ್ ಸೇರುತ್ತಿದ್ದುದಾದರೂ ಮೂರು ವರ್ಷಕ್ಕೊಮ್ಮೆ. ಡೂಯೆಯ ಹದಿನೇಳು ವರ್ಷಗಳಲ್ಲಿ ಅದರ ಸಾಮಾನ್ಯ ಅಧಿವೇಶನಗಳು 1842, 1845, 1848, 1851, 1854 ಮತ್ತು 1857ರಲ್ಲಿ ನಡೆದವು, ಅಷ್ಟೇ. ನಡುವಿನ ಕಾಲವೆಲ್ಲ ಅಧಿಕಾರಿಗಳದ್ದು. ಇತಿಹಾಸಕಾರರು 1814ರಿಂದ 1884ರವರೆಗಿನ ನಾರ್ವೆಯನ್ನು ಅಧಿಕಾರಿಗಳ ರಾಜ್ಯ ಎಂದು ಕರೆಯುವುದು ಸುಮ್ಮನೆ ಅಲ್ಲ.

ಉತ್ತರ – ಬಡಗಣ ದಿಕ್ಕು

ಮೇಲಿನ ಇಬ್ಬರೂ ವ್ಯವಸ್ಥೆಯನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ, ಆದರೆ ಡೂಯೆಯನ್ನು ಇಷ್ಟು ಗೌರವದಿಂದ ಕಾಣಲು ನನ್ನಿಂದ ಆಗುತ್ತಿಲ್ಲ. ಸರಳವಾಗಿ ಹೇಳುವುದಾದರೆ ಅವನು ಆಸ್ಥಾನಿಕ, ರಾಜನೀತಿಜ್ಞನಲ್ಲ.

ಸಂಬಂಧಗಳನ್ನೇ ನೋಡಿ. ಡೂಯೆಯ ಹೆಂಡತಿ ಅಲೆಟ್, ಮೇಲೆ ಹೆಸರಿಸಿದ ವ್ಯಾಲೆಂಟಿನ್ ಸಿಬ್ಬರ್ನ್‌ನ ಮಗಳು. ಹಾಡುಗಾರ್ತಿಯೂ ಸಂಗೀತ ಸಂಯೋಜಕಿಯೂ ಆಗಿದ್ದ ಆಕೆಯ ಬಗ್ಗೆ ಬೇರೆಯೇ ಚರ್ಚೆ ನಡೆಯಬೇಕು, ಅದು ಹಾಗಿರಲಿ. 1858ರಲ್ಲಿ ಡೂಯೆ ಸ್ಥಾನ ಬಿಟ್ಟಾಗ ಅಲ್ಲಿಗೆ ಬಂದವನು ಗೇಯೋರ್ಗ್ ಸಿಬ್ಬರ್ನ್, ಅಲೆಟ್‌ಳ ತಮ್ಮ. ಅವನು 1871ರವರೆಗೆ ಇದ್ದ. ಅಂದರೆ ಐಡ್ಸ್‌ವೋಲ್‌ನ ಒಬ್ಬ ಅಶ್ವದಳದ ಅಧಿಕಾರಿಯ ಅಳಿಯ ಮತ್ತು ಮಗ ಸೇರಿ ಮೂವತ್ತು ವರ್ಷ ಸ್ಟಾಕ್‌ಹೋಮ್‌ನ ಪ್ರಧಾನಮಂತ್ರಿ ಸ್ಥಾನವನ್ನು ಮನೆಯೊಳಗೇ ಇಟ್ಟುಕೊಂಡರು. 1821ರಲ್ಲೇ ಕುಲೀನವರ್ಗವನ್ನು ಕಾನೂನಿನಿಂದ ರದ್ದುಮಾಡಲು ನಿರ್ಧರಿಸಿದ ದೇಶದಲ್ಲಿ ಇದು ನಡೆಯಿತು! ದೊರೆಯ ವಿರೋಧವಿದ್ದರೂ ಮೂರು ಬಾರಿ, 1815, 1818, 1821ರಲ್ಲಿ, ಆ ಕಾಯ್ದೆಯನ್ನು ಅಂಗೀಕರಿಸಿ ಸಂಸತ್ತು ಗೆದ್ದಿತ್ತು. ಬಿರುದುಗಳು ಹೋಗಬೇಕಾದವು, ಬೀಗರು ಉಳಿದರು.

ಎರಡನೆಯದಾಗಿ, ಆ ಕಾಲದಲ್ಲಿ ನಾರ್ವೆಯನ್ನು ನಿಜವಾಗಿ ಬದಲಿಸಿದ ಕೆಲಸಗಳೆಲ್ಲ ಕ್ರಿಸ್ಟಿಯಾನಿಯಾದಲ್ಲಿ ನಡೆದವು. 1846ರಲ್ಲಿ ಹೊಸದಾಗಿ ಸ್ಥಾಪನೆಯಾದ ಒಳಾಡಳಿತ ಇಲಾಖೆಯನ್ನು ಫ್ರೆಡ್ರಿಕ್ ಸ್ಟಾಂಗ್ ಹತ್ತು ವರ್ಷ ನಡೆಸಿದ. ಕ್ರಿಸ್ಟಿಯಾನಿಯಾದಿಂದ ಐಡ್ಸ್‌ವೋಲ್‌ವರೆಗಿನ ಮೊದಲ ರೈಲುಮಾರ್ಗ 1854ರಲ್ಲಿ ತೆರೆಯಿತು, ತಂತಿ ಸಂಪರ್ಕ 1855ರಲ್ಲಿ ಆರಂಭವಾಯಿತು. ಇವುಗಳಲ್ಲಿ ಸ್ಟಾಕ್‌ಹೋಮ್‌ನ ಪಾಲು ದೊರೆಯ ಅಂಕಿತ ಪಡೆದು ಕಳುಹಿಸಿದ್ದಷ್ಟೇ. ಇತಿಹಾಸದ ಪುಸ್ತಕಗಳು ಡೂಯೆಯನ್ನು ದಾಟಿಕೊಂಡು ಹೋಗುವುದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ತೋರುವುದಿಲ್ಲ.

ಉತ್ತರ – ಕಡತಪ್ರಿಯ

ಸಂಬಂಧಗಳ ಬಗ್ಗೆ ನೀವು ಹೇಳಿದ್ದು ಸತ್ಯ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಕಿತ ಪಡೆದು ಕಳುಹಿಸಿದ್ದಷ್ಟೇ ಎಂಬ ಮಾತನ್ನು ಒಪ್ಪಲಾರೆ. ರೈಲು, ತಂತಿಗಳನ್ನು ಅಳೆಯುವ ಕೋಲಿನಿಂದ ಈ ಹುದ್ದೆಯನ್ನು ಅಳೆಯಬಾರದು. ಅದನ್ನು ಅಳೆಯಬೇಕಾದದ್ದು ಒಕ್ಕೂಟದೊಳಗೆ ನಾರ್ವೆಯ ಸ್ಥಾನಮಾನ ಮತ್ತು ವಿದೇಶ ವ್ಯವಹಾರ, ಈ ಎರಡರಿಂದ.

ವಿದೇಶಾಂಗ ಮಂತ್ರಿ ಯಾವಾಗಲೂ ಸ್ವೀಡನ್ನಿನವನೇ ಆಗಿರುತ್ತಿದ್ದ, ನಾರ್ವೆಗೆ ಪ್ರತ್ಯೇಕ ವಿದೇಶಾಂಗ ಇಲಾಖೆ ಇರಲಿಲ್ಲ. ನಾರ್ವೆಯನ್ನು ಯುದ್ಧಕ್ಕೆ ಎಳೆಯಬಲ್ಲ ಮಾತುಕತೆಗಳು ನಾರ್ವೆಯವರಿಲ್ಲದ ಕೋಣೆಯಲ್ಲಿ ನಡೆಯುತ್ತಿದ್ದವು. 1835ರಲ್ಲಿ ದೊರೆ ಒಂದು ರಿಯಾಯಿತಿ ಕೊಟ್ಟ: ನಾರ್ವೆಗೆ ಸಂಬಂಧಿಸಿದ ರಾಜತಾಂತ್ರಿಕ ವಿಷಯಗಳು ಸ್ವೀಡನ್ನಿನ ಮಂತ್ರಿಗಳ ಸಭೆಗೆ ಬಂದಾಗ ನಾರ್ವೆಯ ಪ್ರಧಾನಮಂತ್ರಿಯೂ ಅಲ್ಲಿ ಕುಳಿತುಕೊಳ್ಳಬಹುದು. ನಾರ್ವೆಗೆ ಆ ಸಭೆಯಲ್ಲಿ ಇದ್ದದ್ದು ಆ ಒಂದೇ ಕುರ್ಚಿ, 1841ರಿಂದ ಅದರಲ್ಲಿ ಕುಳಿತವನು ಡೂಯೆ. 1848ರಲ್ಲಿ ಶ್ಲೆಸ್ವಿಗ್ ವಿಚಾರವಾಗಿ ಡೆನ್ಮಾರ್ಕ್ ಮತ್ತು ಜರ್ಮನ್ ಪಡೆಗಳ ನಡುವೆ ಯುದ್ಧ ನಡೆದಾಗ ಡೆನ್ಮಾರ್ಕಿನ ಬೆಂಬಲಕ್ಕೆ ಸೇನೆ ಕಳುಹಿಸಲು ದೊರೆ ಒಂದನೆಯ ಆಸ್ಕರ್ ನಿರ್ಧರಿಸಿದ. ಕ್ರಿಮಿಯನ್ ಯುದ್ಧದ ಕಾಲದಲ್ಲಿ, 1855ರ ನವೆಂಬರ್ 21ರಂದು, ಬ್ರಿಟನ್ ಮತ್ತು ಫ್ರಾನ್ಸ್ ಜೊತೆ ಒಪ್ಪಂದ ಮಾಡಿಕೊಂಡ. ರಷ್ಯಾ ಉತ್ತರ ನಾರ್ವೆಯ ಕರಾವಳಿಯತ್ತ ಕೈ ಚಾಚೀತು ಎಂಬ ಭಯ ಆ ಒಪ್ಪಂದದ ಹಿಂದಿತ್ತು. ಇಂಥ ಸಂದರ್ಭಗಳಲ್ಲಿ ನಕ್ಷೆ ಓದಲು ಬಲ್ಲ, ಸೇನೆಯ ಸಿದ್ಧತೆಯೆಂದರೇನು ಎಂದು ಅರಿತ ವ್ಯಕ್ತಿ ಆ ಕುರ್ಚಿಯಲ್ಲಿದ್ದುದು ನಾರ್ವೆಯ ಪಾಲಿಗೆ ನಷ್ಟವಾಗಿರಲಾರದು.

ಸ್ಥಾನಮಾನದ ವಿಷಯಕ್ಕೆ ಬಂದರೆ, 1844ರಲ್ಲಿ ಪಟ್ಟಕ್ಕೆ ಬಂದ ಆಸ್ಕರ್ ನಾರ್ವೆಯ ದಾಖಲೆಗಳಲ್ಲಿ ತನ್ನ ಬಿರುದನ್ನು ನಾರ್ವೆ ಮತ್ತು ಸ್ವೀಡನ್ನಿನ ದೊರೆ ಎಂಬ ಕ್ರಮದಲ್ಲಿ ಬರೆಸಲು ಒಪ್ಪಿದ; ಎರಡೂ ದೇಶಗಳ ಧ್ವಜಗಳಿಗೆ ಸಮಾನವಾದ ಒಕ್ಕೂಟ ಚಿಹ್ನೆ ಕೊಟ್ಟ. ಬಣ್ಣಗಳ ಕಲಸುಮೇಲೋಗರದಂತಿದ್ದ ಆ ಚಿಹ್ನೆಯನ್ನು ಜನ ಹೆರಿಂಗ್ ಮೀನಿನ ಸಲಾಡ್ ಎಂದು ಗೇಲಿ ಮಾಡಿದ್ದು ನಂತರದ ಮಾತು. ಈ ತೀರ್ಮಾನಗಳು ದೊರೆಯವೇ, ಡೂಯೆ ಅವುಗಳ ಕರ್ತೃ ಎಂದು ನಾನು ವಾದಿಸುವುದಿಲ್ಲ. ಆದರೆ ಹದಿನೇಳು ವರ್ಷ, ಇಬ್ಬರು ದೊರೆಗಳ ಕೆಳಗೆ, ಮಹಾಭಿಯೋಗಕ್ಕೆ ಸಿಲುಕದೆ ಆ ಸ್ಥಾನದಲ್ಲಿ ಇದ್ದು ಬಂದವನು ಅವನು. ಹಿಂದಿನವನಿಗೆ ದಂಡ ಬಿದ್ದದ್ದನ್ನು ಹತ್ತಿರದಿಂದ ನೋಡಿದ್ದವನು ಎಂಬುದನ್ನೂ ಮರೆಯಬಾರದು. ಅಷ್ಟು ದೀರ್ಘಕಾಲ ಆ ಹುದ್ದೆಯಲ್ಲಿ ಇನ್ನಾರೂ ಇರಲಿಲ್ಲ.

ಗ್ರಂಥಪಾಲ

ಎಲ್ಲರಿಗೂ ಧನ್ಯವಾದಗಳು. ಚರ್ಚೆಯ ನಡುವೆ ನನಗೆ ಹೊಳೆದ ಇನ್ನೊಂದು ಸಂದೇಹವಿದೆ. ಗೇಯೋರ್ಗ್ ಸಿಬ್ಬರ್ನ್ ನಂತರ ಬಂದ ಒಟ್ಟೊ ರಿಚರ್ಡ್ ಕಿಯೆರುಲ್ಫ್ ಕೂಡ ಸೇನಾಧಿಕಾರಿಯೇ ಆಗಿದ್ದನೆಂದು ಓದಿದ್ದೇನೆ. ಅವನಿಗೂ ದೊರೆಯ ವಿಶ್ವಾಸವಿತ್ತು, ಅವನದೂ ಹದಿಮೂರು ವರ್ಷಗಳ ಅವಧಿ. ಆದರೆ ಅವನ ರಾಜಕೀಯ ಜೀವನ ನ್ಯಾಯಾಲಯದಲ್ಲಿ ಮುಗಿಯಿತು. ಇಬ್ಬರೂ ಒಂದೇ ಬಗೆಯ ವ್ಯಕ್ತಿಗಳಾಗಿದ್ದರೆ ಅಂತ್ಯ ಇಷ್ಟು ಬೇರೆಯಾದದ್ದು ಏಕೆ?

ಉತ್ತರ – ಹಳೆಯ ದಫ್ತರ

ಈ ಹೋಲಿಕೆಯೇ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಎಂದು ನನಗೆ ತೋರುತ್ತದೆ.

ಕಿಯೆರುಲ್ಫ್ ಅಧಿಕಾರ ವಹಿಸಿಕೊಂಡದ್ದು 1871ರಲ್ಲಿ. ಅದೇ ವರ್ಷದಿಂದ ಸ್ಟೋರ್ಟಿಂಗ್ ಪ್ರತಿ ವರ್ಷ ಸೇರತೊಡಗಿತು, ಅದೇ ವರ್ಷ ಕ್ರಿಸ್ಟಿಯಾನಿಯಾಕ್ಕೂ ಸ್ಟಾಕ್‌ಹೋಮ್‌ಗೂ ರೈಲು ಸಂಪರ್ಕ ಪೂರ್ಣವಾಯಿತು. ಡೂಯೆಯ ಕಾಲದಲ್ಲಿ ಸ್ಟಾಕ್‌ಹೋಮ್‌ನ ಪ್ರಧಾನಮಂತ್ರಿಗೆ ರಕ್ಷಣೆಯಾಗಿದ್ದ ದೂರ ಮತ್ತು ವಿರಾಮ ಎರಡೂ ಒಟ್ಟಿಗೆ ಹೋದವು. ಇದಕ್ಕೂ ಮುಂಚೆ, ರಾಜಪ್ರತಿನಿಧಿ ಹುದ್ದೆಯನ್ನು ರದ್ದುಪಡಿಸಲು ಸ್ಟೋರ್ಟಿಂಗ್ 1859ರಲ್ಲಿ ಮಾಡಿದ ನಿರ್ಣಯಕ್ಕೆ, ಸ್ವೀಡನ್ನಿನ ಸಂಸತ್ತು ಸಿಡಿದೆದ್ದ ಕಾರಣ, ದೊರೆ ಹದಿನೈದನೆಯ ಕಾರ್ಲ್ 1860ರಲ್ಲಿ ಅಂಕಿತ ನಿರಾಕರಿಸಿದ್ದ. ಅಂದಿನಿಂದ ಒಕ್ಕೂಟದ ಮೇಲಿನ ನಂಬಿಕೆ ಬಿರುಕು ಬಿಟ್ಟಿತ್ತು. ಆ ಹುದ್ದೆ ಕೊನೆಗೆ 1873ರಲ್ಲಿ ಹೋಯಿತು, ಆದರೆ ಅದರ ಬದಲಿಗೆ ಕ್ರಿಸ್ಟಿಯಾನಿಯಾದಲ್ಲಿಯೇ ಒಬ್ಬ ಪ್ರಧಾನಮಂತ್ರಿ ನೇಮಕವಾದ, ಮೊದಲನೆಯವನು ಸ್ಟಾಂಗ್. ಸ್ಟಾಕ್‌ಹೋಮ್‌ನ ಪ್ರಧಾನಮಂತ್ರಿ ಇಬ್ಬರಲ್ಲಿ ಎರಡನೆಯವನಾದ. ಅಧಿಕಾರ ಕುಗ್ಗಿತು, ಹೊಣೆ ಮಾತ್ರ ಹಾಗೆಯೇ ಉಳಿಯಿತು.

ಅದರ ಮೇಲೆ ಬಂದದ್ದು ಮಂತ್ರಿಗಳನ್ನು ಸ್ಟೋರ್ಟಿಂಗ್‌ನ ಚರ್ಚೆಗೆ ಕರೆತರುವ ತಿದ್ದುಪಡಿ. 1872ರಲ್ಲಿ ಮೊದಲು ಅಂಗೀಕಾರವಾಗಿ ಅಂಕಿತ ಸಿಗದೆ ಹಿಂತಿರುಗಿದ ಅದನ್ನು ಸಂಸತ್ತು ಮತ್ತೆ ಮತ್ತೆ ಅಂಗೀಕರಿಸಿತು. ಸಾಮಾನ್ಯ ಕಾಯ್ದೆಗಳನ್ನು ದೊರೆ ತಡೆಯಬಹುದಾದದ್ದು ತಾತ್ಕಾಲಿಕವಾಗಿ ಮಾತ್ರ. ಸಂವಿಧಾನದ ತಿದ್ದುಪಡಿಯ ವಿಷಯದಲ್ಲಿ ಅವನ ಅಧಿಕಾರವೇನು ಎಂಬುದನ್ನು ಸಂವಿಧಾನ ಎಲ್ಲಿಯೂ ಹೇಳಿರಲಿಲ್ಲ. ಪೂರ್ಣ ನಿಷೇಧಾಧಿಕಾರವಿದೆ ಎಂದು ಸರ್ಕಾರ ಹಿಡಿದ ಪಟ್ಟನ್ನು ವಿಶ್ವವಿದ್ಯಾಲಯದ ಕಾನೂನು ವಿಭಾಗವೂ ಸಮರ್ಥಿಸಿತು. 1880ರ ಜೂನ್ 9ರಂದು ಸ್ವೆರ್‌ಡ್ರುಪ್‌ನ ಮುಂದಾಳತ್ವದಲ್ಲಿ ಸ್ಟೋರ್ಟಿಂಗ್, ಅಂಕಿತವಿಲ್ಲದಿದ್ದರೂ ತಿದ್ದುಪಡಿ ಜಾರಿಯಲ್ಲಿದೆ ಎಂದು 40ಕ್ಕೆ 74 ಮತಗಳಿಂದ ಘೋಷಿಸಿತು. 1882ರ ಚುನಾವಣೆಯಲ್ಲಿ ಅವನ ಎಡಪಕ್ಷ, ಅಂದರೆ ಉದಾರವಾದಿಗಳ ಬಣ, ಭಾರಿ ಬಹುಮತ ಪಡೆಯಿತು, ಮರುವರ್ಷ ಇಡೀ ಮಂತ್ರಿಮಂಡಲದ ಮೇಲೆ ಮಹಾಭಿಯೋಗ ಹೂಡಲಾಯಿತು. 1884ರಲ್ಲಿ ಕ್ರಿಸ್ಟಿಯಾನಿಯಾದ ಪ್ರಧಾನಮಂತ್ರಿ ಕ್ರಿಸ್ಟಿಯನ್ ಸೆಲ್ಮರ್ ಪದಚ್ಯುತನಾದ, ಅದೇ ನ್ಯಾಯಾಲಯ ಕಿಯೆರುಲ್ಫ್‌ನನ್ನೂ ಪದಚ್ಯುತಗೊಳಿಸಿತು. ಜೂನ್ 26ರಂದು ಸ್ವೆರ್‌ಡ್ರುಪ್ ಸರ್ಕಾರ ರಚಿಸಿದ.

ಆದ್ದರಿಂದ ಡೂಯೆ ಜಾಣ, ಕಿಯೆರುಲ್ಫ್ ದಡ್ಡ ಎಂದು ನಾನು ತೀರ್ಮಾನಿಸುವುದಿಲ್ಲ. 1828ರಿಂದ 1884ರವರೆಗೆ, ಐವತ್ತಾರು ವರ್ಷಗಳಲ್ಲಿ, ಆ ಹುದ್ದೆಯಲ್ಲಿ ಇದ್ದವರು ಕೇವಲ ನಾಲ್ವರು. ನಾಲ್ವರನ್ನೂ ಅಲ್ಲಿಗೆ ತಂದದ್ದು ದೊರೆಯ ವಿಶ್ವಾಸ. ಮೂವರಿಗೆ ಆ ವಿಶ್ವಾಸವೊಂದೇ ಸಾಕಾಯಿತು, ನಾಲ್ಕನೆಯವನ ಕಾಲಕ್ಕೆ ಅದೇ ಆರೋಪಪಟ್ಟಿಯ ಸಾರವಾಯಿತು. ಡೂಯೆಗೆ ಸಾಮರ್ಥ್ಯವಿತ್ತು ಎಂಬ ಕಡತಪ್ರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಆ ಸಾಮರ್ಥ್ಯಕ್ಕೆ ಬೆಲೆಯಿದ್ದ ಕಾಲದಲ್ಲಿ ಅವನು ಹುಟ್ಟಿದ್ದ ಎಂಬುದನ್ನೂ ಅದರ ಪಕ್ಕದಲ್ಲೇ ಇಡಬೇಕು.

ಉತ್ತರ – ಕಡತಪ್ರಿಯ

ಒಪ್ಪಿಗೆ. ಒಂದು ಅಂಶವನ್ನು ಮಾತ್ರ ಸೇರಿಸುತ್ತೇನೆ. 1884ರ ನಂತರ ಆ ಹುದ್ದೆ ನಿರರ್ಥಕವಾಯಿತು ಎಂದು ಭಾವಿಸಬಾರದು. ವಿದೇಶಗಳಲ್ಲಿ ತನ್ನ ವ್ಯಾಪಾರಿಗಳ, ನಾವಿಕರ ಹಿತ ನೋಡಿಕೊಳ್ಳಲು ನಾರ್ವೆಗೆ ಪ್ರತ್ಯೇಕ ಕಾನ್ಸುಲ್ ಸೇವೆ ಬೇಕೆಂಬ ಕಾಯ್ದೆಗೆ 1905ರ ಮೇ 27ರಂದು ಎರಡನೆಯ ಆಸ್ಕರ್ ಅಂಕಿತ ನಿರಾಕರಿಸಿದಾಗ, ಸ್ಟಾಕ್‌ಹೋಮ್‌ನಲ್ಲಿ ನಾರ್ವೆಯ ಪ್ರಧಾನಮಂತ್ರಿಯಾಗಿದ್ದ ಯೋರ್ಗನ್ ಲೋವ್‌ಲಾಂಡ್ ಮತ್ತು ಅವನ ಜೊತೆಗಿದ್ದ ಮಂತ್ರಿಗಳು ಆ ನಿರಾಕರಣೆಗೆ ಮೇಲುರುಜು ಹಾಕಲು ಒಪ್ಪಲಿಲ್ಲ, ರಾಜೀನಾಮೆ ಮುಂದಿಟ್ಟರು. ಬೇರೆ ಸರ್ಕಾರ ರಚಿಸಲು ತನಗೆ ಸಾಧ್ಯವಿಲ್ಲವೆಂದು ದೊರೆ ಆ ರಾಜೀನಾಮೆಗಳನ್ನು ಸ್ವೀಕರಿಸಲಿಲ್ಲ. ಜೂನ್ 7ರಂದು ಸ್ಟೋರ್ಟಿಂಗ್ ಅದನ್ನೇ ಆಧಾರವಾಗಿ ಹಿಡಿದು, ಸರ್ಕಾರವನ್ನು ಕೊಡಲಾಗದ ದೊರೆ ದೊರೆಯಾಗಿ ಉಳಿದಿಲ್ಲ, ಆದ್ದರಿಂದ ಒಕ್ಕೂಟವೂ ಉಳಿದಿಲ್ಲ ಎಂದು ನಿರ್ಣಯಿಸಿತು. ಡೂಯೆ ಹದಿನೇಳು ವರ್ಷ ಹಾಕುತ್ತ ಬಂದದ್ದು ಇದೇ ಮೇಲುರುಜನ್ನು.